ಸೀನಿಗೆ ಕೊಟ್ಟ ಮಾತ್ರೆ ಬಾಯಿ ಯಾಕೆ ಒಣಗಿಸುತ್ತದೆ?

ಪ್ರಶ್ನೆ: ತೊಗರಿ ರಾಶಿ ಮಾಡುವಾಗ ಧೂಳಿಗೆ ನಮ್ಮ ಅವ್ವನಿಗೆ ಸೀನು ಹತ್ತಿತು. ಕ್ಲೋರ್‌ಫೆನಿರಮೈನ್ ಮಾತ್ರೆ ಕೊಟ್ಟರು. ಸೀನೇನೋ ನಿಂತಿತು, ಆದರೆ ಈಗ ದಿನವೆಲ್ಲ ತೂಕಡಿಕೆ, ಜೋಳದ ರೊಟ್ಟಿ ನುಂಗಲಿಕ್ಕೂ ಆಗದಷ್ಟು ಬಾಯಿ ಒಣಗುತ್ತದೆ. ಒಂದು ಮಾತ್ರೆ ಒಂದೇ ಕೆಲಸ ಯಾಕೆ ಮಾಡುವುದಿಲ್ಲ? ಇದನ್ನೆಲ್ಲ ಮೊದಲೇ ಪರೀಕ್ಷೆ ಮಾಡಲಿಕ್ಕೆ ಬರುವುದಿಲ್ಲವೇ?
– ಓದುಗರೊಬ್ಬರು, ಚಿತ್ತಾಪುರ, ಕಲಬುರಗಿ ಜಿಲ್ಲೆ

ಉತ್ತರ: ಮೊದಲು ಅವ್ವನ ವಿಷಯ. ವಯಸ್ಸಾದವರು ತೂಕಡಿಕೆಯಲ್ಲಿ ಎದ್ದು ಓಡಾಡಿದರೆ ಬೀಳುವ ಭಯ ಇದೆ, ಕೆಲವರಿಗೆ ಈ ಮಾತ್ರೆಯಿಂದ ಮೂತ್ರವೂ ಕಟ್ಟುತ್ತದೆ. ತಡ ಮಾಡದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಬೇರೆ ಮಾತ್ರೆ ಏನೇನು ನಡೆದಿದೆ ಅಂತಲೂ ತೋರಿಸಿ. ನಿದ್ದೆ ಕಡಿಮೆ ತರುವ ಫೆಕ್ಸೊಫೆನಡಿನ್‌ನಂಥವು ಇವೆ.

ಈಗ ಕಾರಣ. ಜೀವಕೋಶಗಳ ಮೇಲೆ ರಿಸೆಪ್ಟರ್ ಅನ್ನುವ ಪ್ರೋಟೀನ್‌ಗಳಿರುತ್ತವೆ, ಹೊರಗಿನ ಸುದ್ದಿಯನ್ನು ಒಳಗೆ ಮುಟ್ಟಿಸುವುದು ಇವುಗಳ ಕೆಲಸ. ಸೀನು ತರಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಕೂರುವುದು ಎಚ್1 ರಿಸೆಪ್ಟರ್ ಮೇಲೆ. ಮಾತ್ರೆ ಆ ಜಾಗ ಹಿಡಿದು ಕೂರುತ್ತದೆ. ಆದರೆ ಎಚ್1 ಮಿದುಳಿನಲ್ಲೂ ಇದೆ, ಅಲ್ಲಿ ಹಿಸ್ಟಮಿನ್ ನಮ್ಮನ್ನು ಎಚ್ಚರವಾಗಿಡುತ್ತದೆ, ಅದಕ್ಕೇ ತೂಕಡಿಕೆ. ಬಾಯಿ ಒಣಗುವುದಕ್ಕೆ ಕಾರಣ ಬೇರೆ: ಜೊಲ್ಲು ಸುರಿಸು ಅನ್ನುವ ಸುದ್ದಿ ಮುಟ್ಟಿಸುವ, ಜೊಲ್ಲು ಗ್ರಂಥಿಯ ಮಸ್ಕರಿನಿಕ್ ಎಂಬ ರಿಸೆಪ್ಟರನ್ನೂ ಇದು ತಡೆಯುತ್ತದೆ.

ಪರೀಕ್ಷೆ ಮಾಡಲಿಕ್ಕೆ ಖಂಡಿತ ಬರುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಅಳಗುಳಿ ಮಣೆಯ ಹಾಗೆ ಸಾಲಾಗಿ 384 ಪುಟ್ಟ ಗುಳಿ. ಬೇರೆ ಬೇರೆ ಗುಳಿಯಲ್ಲಿ ಬೇರೆ ಬೇರೆ ರಿಸೆಪ್ಟರ್ ಇರುವ ಜೀವಕೋಶ, ಎಲ್ಲದಕ್ಕೂ ಅದೇ ಒಂದು ಔಷಧದ ಹನಿ. ಔಷಧ ಯಾವ ರಿಸೆಪ್ಟರನ್ನು ಎಬ್ಬಿಸುತ್ತದೋ ಆ ಗುಳಿಯಲ್ಲಿ ಮಿಣುಕುಹುಳದ ಪ್ರೋಟೀನ್ ತಯಾರಾಗಿ ಬೆಳಕು ಬರುತ್ತದೆ, ಯಂತ್ರ ಅದನ್ನು ಅಳೆಯುತ್ತದೆ. ಅವ್ವನ ಮಾತ್ರೆಯಂತೆ ತಡೆಯುವಂಥದ್ದಾದರೆ ಮೊದಲೇ ಬೆಳಕು ಹತ್ತಿಸಿ, ಔಷಧ ಹಾಕಿದ ಮೇಲೆ ಎಲ್ಲಿ ಮಂಕಾಯಿತು ಅಂತ ನೋಡಬೇಕು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಬ್ರಯನ್ ರಾತ್ ತಂಡ 2015ರಲ್ಲಿ ಹೀಗೆ 300ಕ್ಕೂ ಹೆಚ್ಚು ರಿಸೆಪ್ಟರ್‌ಗಳನ್ನು ಒಟ್ಟಿಗೆ ನೋಡುವ ವ್ಯವಸ್ಥೆ ಪ್ರಕಟಿಸಿತು.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಫೆನ್‌ಫ್ಲುರಮೈನ್ ಎಂಬ ತೂಕ ಇಳಿಸುವ ಔಷಧ ನುಂಗಿದ ಎಷ್ಟೋ ಜನರ ಹೃದಯದ ಕವಾಟ ಹಾಳಾಗಿತ್ತು. 1997ರಲ್ಲಿ ಅಮೆರಿಕದಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಕವಾಟದ ಮೇಲಿನ ಸೆರೊಟೋನಿನ್ 2ಬಿ ರಿಸೆಪ್ಟರೇ ಕಾರಣ ಅಂತ ಗೊತ್ತಾಗಿದ್ದು ಆಮೇಲೆ, 2000ದಲ್ಲಿ. ಅದನ್ನು ಜಾಸ್ತಿ ಕೆರಳಿಸಿದ್ದು ಮಾತ್ರೆಯೊಳಗಿನ ಪದಾರ್ಥವಲ್ಲ, ಲಿವರ್ ಅದನ್ನು ಬದಲಿಸಿ ಮಾಡಿದ ಇನ್ನೊಂದು ಪದಾರ್ಥ. ತಟ್ಟೆಯ ಗುಳಿಯಲ್ಲಿ ಲಿವರ್ ಇರುವುದಿಲ್ಲ ಅಲ್ವಾ, ಹಾಗಾಗಿ ಆ ಎರಡನೆಯ ಪದಾರ್ಥವನ್ನೂ ಬೇರೆಯಾಗಿ ತಯಾರಿಸಿ ಅದೇ ಗುಳಿಗಳಲ್ಲಿ ಹಾಕಿ ನೋಡಬೇಕು.