ದ್ರಾಕ್ಷಿ ಜಾಮ್ ಗಟ್ಟಿ ಆಗಂಗಿಲ್ಲ, ಹದಿನೈದ ದಿನಕ್ಕ ಬೂಷ್ಟ ಬರ್ತೈತಿ, ಪ್ರಿಸರ್ವೇಟಿವ್ ಹಾಕ್ಲೇನ್ರಿ?

ಹಾಕಬ್ಯಾಡ್ರಿ, ಬೇಕಾಗಿಲ್ಲ. ಗಟ್ಟಿ ಆಗದ್ದು ಬ್ಯಾರೆ, ಬೂಷ್ಟ ಬರೂದು ಬ್ಯಾರೆ ಅಂತ ನೀವು ತಿಳ್ಕೊಂಡೀರಿ, ಆದ್ರ ಎರಡಕ್ಕೂ ದೊಡ್ಡ ಕಾರಣ ಒಂದ, ಜಾಮಿನಾಗ ಹುಳಿ ಕಡಿಮಿ, ನೀರು ಜಾಸ್ತಿ ಉಳದೈತಿ.

ನಾವು ವಿಜಯಪುರದವ್ರು, ಫೆಬ್ರವರಿ ಮಾರ್ಚ್ ಬಂತಂದ್ರ ತಿಕೋಟಾ ಕಡೆ ದ್ರಾಕ್ಷಿ ಕಟಾವು ಜೋರ ಇರ್ತೈತಿ, ಗೊನಿಯಿಂದ ಉದುರಿದ ಹಣ್ಣು ಅಗ್ಗಕ್ಕ ಸಿಗ್ತಾವ, ಕೊಳತದ್ದು ಆರಿಸಿ ತಗದು ಮೂರ ನೀರಾಗ ಚಲೋತ್ನಾಗಿ ತೊಳದ್ರ ಜಾಮಿಗೆ ಅವ ಸಾಕು. ಆದ್ರ ನಮ್ಮ ಕಡೆ ಬೆಳಿಯೂ ಥಾಮ್ಸನ್ ಜಾತಿ ದ್ರಾಕ್ಷಿ ಪೂರಾ ಹಣ್ಣಾದ್ರ ಸಿಹಿ ಏರಿ ಹುಳಿ ಇಳೀತೈತಿ, ಜಾಮ್ ಗಟ್ಟಿ ಮಾಡೂ ಪೆಕ್ಟಿನ್ ಅನ್ನೂ ಹಣ್ಣಿನ ಅಂಶಾನೂ ಅದರಾಗ ಭಾಳ ಇರಂಗಿಲ್ಲ. ಅದಕ್ಕ ನಾನು 800 ಗ್ರಾಂ ದ್ರಾಕ್ಷಿಗೆ 200 ಗ್ರಾಂ ದೋರಗಾಯಿ ಪೇರಲ ಬೇಯಿಸಿ ಸೋಸಿ ಕೂಡಸ್ತೀನಿ, 750 ಗ್ರಾಂ ಸಕ್ರಿ, ಎರಡ ಲಿಂಬಿ ರಸ. ಲಿಂಬಿ ನಮ್ಮ ಜಿಲ್ಲಾದ ಇಂಡಿದ್ದ ತಗೋರಿ, 2023ರಾಗ ಜಿಐ ಟ್ಯಾಗ್ (ಊರಿನ ಹೆಸರಿನ ಮ್ಯಾಲ ಸರಕಾರ ಕೊಡೂ ಗುರ್ತು) ಸಿಕ್ಕದ್ದು ಸುಮ್ನ ಅಲ್ಲ, ಅಷ್ಟ ರಸ ಐತಿ ಅದರಾಗ. ಲಿಂಬಿ ಬೀಜ ಒಗೀಬ್ಯಾಡ್ರಿ, ಅದರಾಗೂ ಪೆಕ್ಟಿನ್ ಇರ್ತೈತಿ, ತೆಳ್ಳನ ಅರಬ್ಯಾಗ ಗಂಟು ಕಟ್ಟಿ ಕುದಿಯೂ ಜಾಮಿನಾಗ ಬಿಟ್ಟು ಆಮ್ಯಾಲ ಹಿಂಡಿ ತಗೀರಿ. ಭಾಂಡೆ ಸ್ಟೀಲಿಂದ ಇರ್ಲಿ, ಅಲ್ಯುಮಿನಿಯಂ ಬ್ಯಾಡ, ಹುಳಿ ಅದನ್ನ ತಿಂತೈತಿ.

ಈಗ ಮುಖ್ಯ ಮಾತು. 105 ಡಿಗ್ರಿ ಬರೂ ತನಕ ಕುದಸ್ರಿ ಅಂತ ಎಲ್ಲಾ ಕಡೆ ಬರದಿರ್ತಾರ, ಅದು ಸಮುದ್ರದ ದಂಡಿ ಊರಿನ ಲೆಕ್ಕ. ವಿಜಯಪುರ ಸುಮಾರ 600 ಮೀಟರ್ ಎತ್ತರ, ಇಲ್ಲಿ ನೀರು 98ರ ಆಜೂಬಾಜು ಕುದೀತೈತಿ, ಬೆಳಗಾವಿ ಇನ್ನೂ ಎತ್ತರ. ಮೊದಲ ಬರೇ ನೀರು ಕುದಿಸಿ ಥರ್ಮಾಮೀಟರ್ ಎಷ್ಟ ತೋರಸ್ತೈತಿ ನೋಡ್ರಿ, ಅದರ ಮ್ಯಾಲ 4-5 ಡಿಗ್ರಿ ಏರಿದ್ರ ಜಾಮ್ ಆತು, 105 ಕಾಯ್ಕೋಂತ ನಿಂತ್ರ ಸಕ್ರಿ ಪಾಕ ಏರಿ ಅಂಟಂಟ ಆಗ್ತೈತಿ. ಥರ್ಮಾಮೀಟರ್ ಇಲ್ಲಂದ್ರ ತಕ್ಕಡಿ ಸಾಕು, ಖಾಲಿ ಭಾಂಡೆ ತೂಕ ಬರದಿಟ್ಕೊಂಡು ಮ್ಯಾಲ ಹೇಳಿದ ಅಳತಿ ಜಾಮ್ 1.4 ಕೆಜಿಗೆ ಇಳಿಯೂ ತನಕ ಕುದಸ್ರಿ, ಆಗ ಸಕ್ರಿ ಅಂಶ ನೂರಕ್ಕ 65ರ ಹತ್ರ ಬರ್ತೈತಿ, ಬೂಷ್ಟ ಬೆಳಿಯಾಕ ಅದಕ್ಕ ಬೇಕಾದ ನೀರು ಸಿಗಂಗಿಲ್ಲ.

ಬಾಟ್ಲಿ ಗಾಜಿಂದ ಇರ್ಬೇಕು, ತಗಡಿನ ಮುಚ್ಚಳದ ಒಳಗ ಮೆತ್ತನ ರಬ್ಬರಿನಂಥಾ ಪಟ್ಟಿ ಇರ್ಬೇಕು, ಸವೆದ ಮುಚ್ಚಳ ಬ್ಯಾಡ. ಬಾಟ್ಲಿ ಹತ್ತು ನಿಮಿಷ ಕುದಿಸಿ ಬಿಸಿ ಇದ್ದಾಗ್ಲೇ ಬಿಸಿ ಜಾಮ್ ಹಾಕ್ರಿ, ಮ್ಯಾಲ ಕಾಲು ಇಂಚು ಜಾಗ ಬಿಡ್ರಿ, ಬಾಯಿ ಒರಸಿ ಮುಚ್ರಿ. ಆಮ್ಯಾಲ ಅಗಲ ಪಾತೇಲಿ ತಳಕ್ಕ ಅರಬಿ ಹಾಸಿ ಬಾಟ್ಲಿ ಇಟ್ಟು, ಮುಚ್ಚಳದ ಮ್ಯಾಲ ಒಂದ ಇಂಚು ನೀರು ನಿಲ್ಲೂಹಂಗ ತುಂಬಿ ಹತ್ತು ನಿಮಿಷ ಕುದಸ್ರಿ. ಮಂದಿ ಇದನ್ನ ಬಿಡ್ತಾರ, ಬಿಡಬಾರ್ದು. ಮರುದಿನ ಮುಚ್ಚಳದ ನಡುವ ಒತ್ತಿ ನೋಡ್ರಿ, ಒಳಗ ಎಳ್ಕೊಂಡು ಅಲಗಾಡದಂಗ ಇದ್ರ ಗಾಳಿ ಹೋಗಂಗಿಲ್ಲ, ಟಕ್ ಅಂತಂದ್ರ ಆ ಬಾಟ್ಲಿ ಫ್ರಿಜ್ಜಿನಾಗ ಇಟ್ಟು ಮೊದಲ ತಿಂದ ಮುಗಸ್ರಿ.

ಚಿಕ್ಕು, ಪಪ್ಪಾಯಿ, ಬಾಳಿಹಣ್ಣಿಗೆ ಇದ ಲೆಕ್ಕ ಹಚ್ಚಬ್ಯಾಡ್ರಿ, ಅವುಗಳಾಗ ಹುಳಿ ಭಾಳ ಕಡಿಮಿ, ಹೊರಗ ಇಡೂದು ಅಪಾಯ, ಸ್ವಲ್ಪ ಮಾಡಿ ಫ್ರಿಜ್ಜಿನಾಗ ಇಡ್ರಿ. ಮತ್ತ ಈಗ ನಿಮ್ಮ ಮನ್ಯಾಗ ಬೂಷ್ಟ ಬಂದ ಬಾಟ್ಲಿ ಅದಾವಲ್ಲ, ಮ್ಯಾಲಿಂದ ತಗದು ಕೆಳಗಿಂದ ತಿನ್ನಬ್ಯಾಡ್ರಿ, ಹುಡುಗ್ರಿಗಂತೂ ಕೊಡಲೇಬ್ಯಾಡ್ರಿ, ಪೂರಾ ಒಗೀರಿ.