ಬರೀ ಆಟ ಆಡಿಸ್ತಾರೆ, ಕಲಿಸೋದು ಯಾವಾಗ?

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಅವಳ ಪ್ರೀಸ್ಕೂಲಿನಲ್ಲಿ ದಿನವಿಡೀ ಬ್ಲಾಕ್ಸ್, ನೀರು, ಜೇಡಿಮಣ್ಣು. ನೋಟ್‌ಬುಕ್ಕೇ ಇಲ್ಲ. ಅದೇ ವಯಸ್ಸಿನ ನನ್ನಣ್ಣನ ಮಗ ಆಗಲೇ ನೂರರವರೆಗೆ ಹೇಳುತ್ತಾನೆ, ಬರೆಯುತ್ತಾನೆ. ಇವಳು ಹಿಂದೆ ಬೀಳುತ್ತಿದ್ದಾಳಾ? ಶಾಲೆ ಬದಲಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಇಬ್ಬರೂ ಮಕ್ಕಳ ಜೊತೆ ಒಂದು ಆಟ ಆಡಿ ನೋಡಿ. ಹದಿನೈದು ದೊಡ್ಡ ಗುಂಡಿಗಳನ್ನು ಮುಂದಿಟ್ಟು, ‘ಎಂಟು ಕೊಡು’ ಅನ್ನಿ. ನೂರರವರೆಗೆ ಪಟಪಟನೆ ಹೇಳುವ ಎಷ್ಟೋ ಮಕ್ಕಳು ಇಲ್ಲಿ ಕೈಗೆ ಸಿಕ್ಕಷ್ಟು ಬಾಚಿ ಕೊಡುತ್ತಾರೆ. ಎಣಿಕೆ ಬಾಯಿಗೆ ಬಂದಿರುತ್ತದೆ. ಎಣಿಸುವಾಗ ಕೊನೆಗೆ ಹೇಳಿದ ಅಂಕಿಯೇ ‘ಒಟ್ಟು ಇಷ್ಟು’ ಅನ್ನುವುದು ಇನ್ನೂ ಹೊಳೆದಿರುವುದಿಲ್ಲ. ಅದು ಹೊಳೆಯುವುದು ವಸ್ತುಗಳನ್ನು ಮುಟ್ಟಿ, ಸರಿಸಿ, ಹಂಚಿದಾಗ.

ಬ್ಲಾಕ್ಸ್ ಆಟದಲ್ಲೂ ಹಾಗೇ. ಉದ್ದದ ಬ್ಲಾಕ್ ಮುಗಿದುಹೋದಾಗ ಚಿಕ್ಕವು ಎರಡು ಸೇರಿ ಅದರ ಜಾಗ ತುಂಬುತ್ತವೆ ಅಂತ ಮಗು ತಾನೇ ಕಂಡುಕೊಳ್ಳುತ್ತದೆ. ಇನ್ನು ನೀರು. ಅಗಲದ ಪಾತ್ರೆಯಿಂದ ಉದ್ದನೆಯ ಗ್ಲಾಸಿಗೆ ಸುರಿದರೆ ನಾಲ್ಕು ವರ್ಷದವರು ಸಾಮಾನ್ಯವಾಗಿ ‘ಈಗ ಜಾಸ್ತಿ ಆಯ್ತು’ ಅನ್ನುತ್ತಾರೆ. ಮನೋವಿಜ್ಞಾನಿ ಪಿಯಾಜೆ ಇದನ್ನು ವಿವರವಾಗಿ ಬರೆದಿದ್ದಾರೆ. ಆರೇಳು ವರ್ಷದ ಹೊತ್ತಿಗೆ ಈ ತಪ್ಪು ಹೆಚ್ಚಾಗಿ ಹೋಗುತ್ತದೆ. ಅಲ್ಲಿಯವರೆಗೆ ನೀವು ಎಷ್ಟು ಬಿಡಿಸಿ ಹೇಳಿದರೂ ಮಗು ಒಪ್ಪುವುದು ಕಷ್ಟ. ಅದಕ್ಕೇ ಸುರಿದು ನೋಡಲು ಬಿಡುವುದು. ಬಟ್ಟೆ ಒದ್ದೆಯಾಗುತ್ತೆ, ಏನು ಮಾಡೋಣ!

ಜೇಡಿಮಣ್ಣಿನ ಕಾರಣ ಬೇರೆ. ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ನಾಲ್ಕನೇ ವರ್ಷದಲ್ಲಿ ಅವುಗಳಲ್ಲಿ ಕೆಲವು ಇನ್ನೂ ಗಟ್ಟಿ ಮೂಳೆಯಾಗದೆ ಮೆತ್ತಗಿನ ಮೃದ್ವಸ್ಥಿಯಾಗಿಯೇ ಇರುತ್ತವೆ. ಅಂದರೆ ಬರೆಯುವ ಕೈ ಇನ್ನೂ ಬೆಳೆಯುತ್ತಿದೆ. ಹಿಸುಕುವುದು, ಚಿವುಟುವುದು, ಉಂಡೆ ಕಟ್ಟುವುದು, ಇದರಿಂದೆಲ್ಲ ಬೆರಳಿಗೆ ಬಲ ಬರುತ್ತದೆ. ಪೆನ್ಸಿಲ್‌ಗೆ ಬೇಕಾದದ್ದೂ ಅದೇ ಬಲ.

ಇದು ಹೊಸ ಫ್ಯಾಷನ್ ಅಲ್ಲ. ಜರ್ಮನಿಯಲ್ಲಿ ಶಿಕ್ಷಣತಜ್ಞ ಫ್ರೋಬೆಲ್ 1837ರಲ್ಲೇ ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದು ಚೆಂಡು, ಮರದ ತುಂಡುಗಳಿಂದ ಕಲಿಸಲು ಹೊರಟರು. ರೋಮಿನಲ್ಲಿ ಮಾರಿಯಾ ಮಾಂಟೆಸ್ಸರಿ ಮೊದಲ ಶಾಲೆ ಶುರುಮಾಡಿದ್ದು 1907ರಲ್ಲಿ. ಅವರ ‘ಗುಲಾಬಿ ಗೋಪುರ’ ಅನ್ನುವ ಕಲಿಕೆಯ ಆಟಿಕೆಯಲ್ಲಿ 10 ಘನಗಳು, ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ. ಕ್ರಮ ತಪ್ಪಿ ಜೋಡಿಸಿದರೆ ಕಣ್ಣಿಗೇ ಗೊತ್ತಾಗುತ್ತದೆ, ಟೀಚರ್ ‘ತಪ್ಪು’ ಅನ್ನಬೇಕಾಗಿಲ್ಲ.

ಹಾಗಂತ ‘ಆಟದಿಂದ ಕಲಿಕೆ’ ಅಂತ ಬೋರ್ಡು ಹಾಕಿದ ಕಡೆಯೆಲ್ಲ ಕಲಿಕೆ ನಡೆಯುತ್ತದೆ ಅಂದುಕೊಳ್ಳಬೇಡಿ. ಆಟಿಕೆ ಸುರಿದು ಟೀಚರ್ ಮೂಲೆಯಲ್ಲಿ ಕೂತರೆ ಅದು ಸುಮ್ನೆ ಹೊತ್ತು ಕಳೆಯುವುದು. ಸಾಧ್ಯವಾದರೆ ಅರ್ಧ ಗಂಟೆ ತರಗತಿಯಲ್ಲಿ ಕೂತು ನೋಡಿ. ಗೋಪುರ ಬಿದ್ದಾಗ ಟೀಚರ್ ತಾವೇ ಕಟ್ಟಿಕೊಡುತ್ತಾರಾ? ಇಲ್ಲಾ, ಪಕ್ಕ ಕೂತು ‘ಯಾಕೆ ಬಿತ್ತು? ಕೆಳಗೆ ಯಾವುದಿಟ್ಟರೆ ನಿಲ್ಲುತ್ತೆ?’ ಅಂತ ಕೇಳಿ, ಉತ್ತರಕ್ಕೆ ಕಾಯುತ್ತಾರಾ? ನನ್ನ ಪ್ರಕಾರ ಆ ಕಾಯುವುದೇ ಮುಖ್ಯ. ದುಬಾರಿ ಆಟಿಕೆಗಳಿಗೆ ಎರಡನೇ ಸ್ಥಾನ.

ಇನ್ನೊಂದು ವಿಷಯ. ಅಕ್ಷರಗಳು ಬ್ಲಾಕ್ಸ್‌ನಿಂದ ತಾವಾಗೇ ಬರುವುದಿಲ್ಲ. ಯಾವ ಅಕ್ಷರಕ್ಕೆ ಯಾವ ಸದ್ದು ಅಂತ ಯಾರಾದರೂ ತೋರಿಸಿಕೊಡಲೇಬೇಕು. ದಿನಾ ಕತೆ ಓದುತ್ತಾರಾ, ಪ್ರಾಸದ ಹಾಡು, ಪದಗಳ ಸದ್ದು ಗುರುತಿಸುವ ಆಟ ಇದೆಯಾ ಕೇಳಿ. ಇದ್ದರೆ ನೋಟ್‌ಬುಕ್ ತಡವಾಗಿ ಬಂದರೂ ತೊಂದರೆಯಿಲ್ಲ. ಇಲ್ಲದಿದ್ದರೆ ಮೊದಲು ಟೀಚರ್ ಹತ್ತಿರ ಮಾತಾಡಿ. ಅವರಿಂದ ಸರಿಯಾದ ಉತ್ತರ ಸಿಗದಿದ್ದರೆ ಆಗ ಬೇರೆ ಶಾಲೆ ಹುಡುಕಬಹುದು.