ಹ್ಯೂಯಿ ಲಾಂಗ್ ಕೆಲಸವನ್ನೂ ಮಾಡಿದ್ದ

ಅಮೆರಿಕದ ಲೂಯಿಸಿಯಾನಾ ರಾಜ್ಯದ ರಾಜಕಾರಣಿ ಹ್ಯೂಯಿ ಲಾಂಗ್ ಬರೀ ಭಾಷಣಕೋರನೇ ಅಂತ ಕೆಲವರು ಕೇಳುತ್ತಾರೆ. ಅಲ್ಲ ಸ್ವಾಮಿ. 1928ರಲ್ಲಿ ಗವರ್ನರ್ ಆದವನೇ ಶಾಲಾಮಕ್ಕಳಿಗೆ ಪಠ್ಯಪುಸ್ತಕ ಉಚಿತ ಮಾಡಿದ. ಕೆಸರುದಾರಿಗಳಿದ್ದ ಹಳ್ಳಿಗಾಡಿಗೆ ರಸ್ತೆ, ಸೇತುವೆ ತಂದ. ಸಂಸ್ಕರಿಸಿದ ತೈಲದ ಮೇಲೆ ತೆರಿಗೆ ಹಾಕಲು ಹೊರಟಾಗ, 1929ರಲ್ಲಿ, ವಾಗ್ದಂಡನೆ (ಹುದ್ದೆಯಿಂದ ಇಳಿಸಲು ಶಾಸನಸಭೆ ನಡೆಸುವ ವಿಚಾರಣೆ) ಎದುರಾಯಿತು. ಸಾಕ್ಷ್ಯ ಏನೇ ಬರಲಿ, ತಪ್ಪಿತಸ್ಥ ಅಂತ ಮತ ಹಾಕುವುದಿಲ್ಲ ಎಂದು ರಾಜ್ಯ ಸೆನೆಟ್ಟಿನ 15 ಸದಸ್ಯರು ಬರೆದುಕೊಟ್ಟು ಉಳಿಸಿದರು! (ಅವರಲ್ಲಿ ಕೆಲವರಿಗೆ ಆಮೇಲೆ ಒಳ್ಳೇ ಹುದ್ದೆಗಳೂ ಸಿಕ್ಕವು.)

ನನಗೆ ಕಸಿವಿಸಿ ಆಗುವುದು ಇಲ್ಲೇ. ಸರ್ಕಾರಿ ನೌಕರರ ಸಂಬಳದಿಂದ ತನ್ನ ರಾಜಕೀಯ ನಿಧಿಗೆ ವಸೂಲಿ. ಅಮೆರಿಕ ಸಂಸತ್ತಿನ ಸೆನೆಟರ್ ಆಗಿ ವಾಷಿಂಗ್ಟನ್ನಿಗೆ ಹೋದ ಮೇಲೂ ರಾಜ್ಯದ ಲಗಾಮು ಇವನ ಕೈಯಲ್ಲೇ. 1935ರ ಸೆಪ್ಟೆಂಬರಿನಲ್ಲಿ, ತಾನೇ ಕಟ್ಟಿಸಿದ್ದ ರಾಜ್ಯದ ರಾಜಧಾನಿ ಬ್ಯಾಟನ್ ರೂಜ್‌ನ ಶಾಸನಸಭಾ ಭವನದಲ್ಲಿ ಗುಂಡೇಟು ತಿಂದು ಎರಡು ದಿನಕ್ಕೆ ತೀರಿಕೊಂಡ. ಆದರೂ ತಮ್ಮ ಅರ್ಲ್ ಗವರ್ನರ್ ಆದ, ಮಗ ರಸೆಲ್ 1987ರವರೆಗೆ ಸೆನೆಟರ್ ಆಗಿದ್ದ. ಬಡವರ ಮತ ಈ ಮನೆತನವನ್ನು ಅಷ್ಟು ಬೇಗ ಬಿಡಲಿಲ್ಲ.